ಒಪ್ಪುವ ಸೀರೆ

ಕಳೆದ ತಿಂಗಳು ಬೆಂಗಳೂರಿನಿಂದ ಅಣ್ಣನ ಮಗಳು ದೂರವಾಣಿ ಮಾಡಿದ್ದಳು. ವೈಶಾಖದಲ್ಲಿ ಅವಳ ಮಗಳ ಮದುವೆ. ಬಂಧುಬಳಗಕ್ಕೆಲ್ಲ ಉಡುಗೊರೆಯ ಬಟ್ಟೆಗಳನ್ನು ಈಗಲೇ ಕೊಂಡಿಟ್ಟರೆ ನಿಶ್ಚಿಂತೆ ಎಂಬುದು ಅವಳ ಲೆಕ್ಕಾಚಾರ. "ಸಣ್ಣತ್ತೆ, ದೊಡ್ಡತ್ತೆಗೆ ಒಂದು ಸೀರೆ ತಗೋಬೇಕು. ವಯಸ್ಸಾದವರಿಗೆ ಒಪ್ಪುವಂಥಾದ್ದು ಬಳ್ಳಾರಿಯಲ್ಲಿ ಎಲ್ಲಿ ಸಿಗುತ್ತೆ ಹೇಳಿ. ಇಲ್ಲಾಂದ್ರೆ ಇಲ್ಲಿಂದಲೇ ಫೋನಿನಲ್ಲಿ ತರಿಸಿ ಕಳಿಸಿಬಿಡ್ತೀನಿ" ಎಂದಳು. ನಾನು ನನಗೆ ತಿಳಿದ ಎರಡು ಅಂಗಡಿಗಳ ಹೆಸರು ಹೇಳಿ ಮಾತು ಮುಗಿಸಿದೆ. ಆದರೆ ಆ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಅಂದು ರಾತ್ರಿಯೆಲ್ಲ ಅದು ನನ್ನನ್ನು ಕಾಡಿತು. ನಾನು ಕೊಟ್ಟ ಉತ್ತರ ತಪ್ಪು ಎಂಬುದು ಬೆಳಗಾಗುವಷ್ಟರಲ್ಲಿ ಸ್ಪಷ್ಟವಾಯಿತು. ಸರಿಯಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳೂ ಓದುತ್ತಾಳೆ, ಬೇಸರಿಸಿಕೊಳ್ಳುವುದಿಲ್ಲ ಎಂದು ನಂಬಿದ್ದೇನೆ. ಉಳಿದ ಬಂಧುಗಳೂ, ನನ್ನಲ್ಲಿ ಓದಿದ ಮಕ್ಕಳೂ ಓದಲಿ ಎಂಬುದು ನನ್ನ ಆಸೆ. ಏಕೆಂದರೆ ಈಗ ನಿಮ್ಮೆಲ್ಲರ ಮನೆಗಳಲ್ಲಿಯೂ ಒಬ್ಬ ವಯಸ್ಸಾದ ತಾಯಿಯೋ ಅತ್ತೆಯೋ ಇದ್ದಾರೆ.

'ಒಪ್ಪು' ಎಂಬ ಪದವನ್ನು ನಾನು ತರಗತಿಯಲ್ಲಿ ಬಿಡಿಸಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಒಪ್ಪು ಎಂದರೆ ಚೆಂದ ಕಾಣು, ಹೊಂದು ಎಂಬುದು ಒಂದು ಅರ್ಥ. ಸಮ್ಮತಿಸು ಎಂಬುದು ಇನ್ನೊಂದು. 'ಒಪ್ಪ' ಎಂದರೆ ಹೊಳಪು, ನಯ. ಸಂಗನಕಲ್ಲಿನ ಹಿರೇಗುಡ್ಡಕ್ಕೆ ನಿಮ್ಮನ್ನು ಕರೆದೊಯ್ದಾಗ, ಸಾವಿರಾರು ವರ್ಷಗಳ ಹಿಂದೆ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ಉಜ್ಜಿ ಉಜ್ಜಿ ನಯಗೊಳಿಸಿದ ಬಂಡೆಗಳನ್ನು ತೋರಿಸಿ, "ಇದೇ ನೋಡಿ ಒಪ್ಪವಿಡುವುದು" ಎನ್ನುತ್ತಿದ್ದೆ. ಒಂದು ಸೀರೆ ಒಬ್ಬಾಕೆಗೆ ಒಪ್ಪುತ್ತದೆ ಎನ್ನುವಾಗ ನಾವು ಮೊದಲನೆಯ ಅರ್ಥವನ್ನಷ್ಟೇ ನೆನೆಯುತ್ತೇವೆ. ಆಕೆ ಅದನ್ನು ಒಪ್ಪಿದ್ದಾಳೆಯೇ ಎಂದು ಕೇಳುವುದೇ ಇಲ್ಲ. ನನ್ನ ಇಡೀ ವಾದ ಇಷ್ಟೇ: ವಯಸ್ಸಾದ ಹೆಂಗಸಿಗೆ, ಆಕೆ ತಾನೇ ಒಪ್ಪಿ ಆರಿಸದ ಸೀರೆ ಒಪ್ಪುವುದು ಅಪರೂಪ.

ಇದನ್ನು ನನಗೆ ಕಲಿಸಿದ್ದು ನನ್ನ ಅಕ್ಕನ ಟ್ರಂಕು. ಭಾವನವರು ೧೯೯೧ರಲ್ಲಿ ತೀರಿಕೊಂಡಾಗ ಅಕ್ಕನಿಗೆ ನಲವತ್ತೈದು ವರ್ಷ. ಈಗ ಎಂಬತ್ತರ ಹೊಸ್ತಿಲಿನಲ್ಲಿದ್ದಾಳೆ. ಹೋದ ವರ್ಷ ಮಳೆಗಾಲದಲ್ಲಿ ಅವಳ ಕೋಣೆಗೆ ಸುಣ್ಣ ಹೊಡೆಸಬೇಕಾಗಿ ಬಂದು, ಟ್ರಂಕನ್ನು ಹೊರಗೆ ತಂದು ಸೀರೆಗಳನ್ನು ಬಿಸಿಲಿಗೆ ಹರಡಿದೆ. ಒಟ್ಟು ೩೧ ಸೀರೆಗಳು. ಅವುಗಳಲ್ಲಿ ೨೬ ಸೀರೆಗಳು ಬೂದಿ ಬಣ್ಣ, ಬಿಸ್ಕತ್ತಿನ ಬಣ್ಣ, ತಿಳಿನೀಲಿ, ಬಿಳಿಯ ಮೇಲೆ ಸಣ್ಣ ಹೂವು. ಹಲವದರ ಮಡಿಕೆಯೂ ಬಿಚ್ಚಿರಲಿಲ್ಲ. ಯಾರ ಗೃಹಪ್ರವೇಶದ್ದು, ಯಾರ ನಾಮಕರಣದ್ದು, ಯಾವ ಮದುವೆಯದು ಎಂದು ಅಕ್ಕ ಒಂದೊಂದನ್ನೂ ಮುಟ್ಟಿ ಹೇಳಿದಳು. ಎಲ್ಲವೂ ನಾವು ಪ್ರೀತಿಯಿಂದ ಕೊಟ್ಟವು. ಅವುಗಳಲ್ಲಿ ಆರು ನಾನೇ ಕೊಟ್ಟವು. ಉಳಿದ ಐದು ಸೀರೆಗಳು ಮಾತ್ರ ತೊಳೆದು ತೊಳೆದು ಮೆತ್ತಗಾಗಿದ್ದವು, ಅಂಚು ಸವೆದು ಎಳೆ ಬಿಟ್ಟಿದ್ದವು. ಅವು ಅವಳು ತಾನೇ ಕೊಂಡವು. ಮೂವತ್ತು ವರ್ಷಗಳಿಗೂ ಮೀರಿ ನಾವೆಲ್ಲ ಸೇರಿ ಅವಳಿಗೆ ಕೊಟ್ಟದ್ದು ಒಂದು ಬೂದಿ ಬಣ್ಣದ ರಾಶಿ. ಆಕೆ ಉಟ್ಟದ್ದು ಆ ಐದನ್ನು. ಬಿಸಿಲಿನಲ್ಲಿ ಆ ಬಟ್ಟೆಗಳ ನಡುವೆ ನಿಂತು ನನಗೆ ನಾಚಿಕೆಯಾಯಿತು.

ಹಿಂದೆ ಎಲ್ಲವೂ ಸರಿಯಾಗಿತ್ತು ಎಂದು ನಾನು ಹೇಳಲಾರೆ. ನಾನು ಹುಟ್ಟಿದಾಗ ಬಳ್ಳಾರಿ ಮದರಾಸು ರಾಜ್ಯದಲ್ಲಿತ್ತು. ೧೯೫೩ರ ಅಕ್ಟೋಬರ್ ೧ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗಡಿ ಬದಲಾದರೂ ಬಟ್ಟೆಯ ವ್ಯಾಪಾರ ಬದಲಾಗಲಿಲ್ಲ. ನಮ್ಮ ಮನೆಯಲ್ಲಿ ದೀಪಾವಳಿಗೆ ಒಮ್ಮೆ ಅಪ್ಪ ಬಳ್ಳಾರಿಗೆ ಹೋಗಿ ಒಂದೇ ಥಾನಿನಿಂದ ಮಕ್ಕಳಿಗೆಲ್ಲ ಬಟ್ಟೆ ಹರಿಸಿ ತರುತ್ತಿದ್ದರು. ಅವ್ವನ ಸೀರೆಯನ್ನೂ ಅವರೇ ಆರಿಸುತ್ತಿದ್ದರು. ಅವ್ವ "ಚಲೋ ಐತಿ" ಎನ್ನುವಳು, ಅಷ್ಟೇ.

ಆದರೆ ಹೆಂಗಸರಿಗೆ, ಅದರಲ್ಲಿಯೂ ಮುದುಕಿಯರಿಗೆ, ತಮ್ಮದೇ ಆದ ಒಂದು ಅಂಗಡಿ ಇತ್ತು. ಅದು ಗಂಟು ಹೊತ್ತು ಬರುವವನ ಅಂಗಡಿ. ರಾಯದುರ್ಗದ ಕಡೆಯಿಂದ ಒಬ್ಬಾತ ಸೈಕಲ್ಲಿನ ಹಿಂದೆ ಸೀರೆಗಳ ದೊಡ್ಡ ಗಂಟು ಕಟ್ಟಿಕೊಂಡು, ತಿಂಗಳಿಗೊಮ್ಮೆ ಸಂಗನಕಲ್ಲಿಗೆ ಬರುತ್ತಿದ್ದ. ಗಂಡಸರು ಹೊಲಕ್ಕೆ ಹೋದ ಮೇಲೆ ನಮ್ಮ ಕಟ್ಟೆಯ ಮೇಲೆ ಗಂಟು ಬಿಚ್ಚುತ್ತಿದ್ದ. ಓಣಿಯ ಅಜ್ಜಿಯರೆಲ್ಲ ಸೇರುತ್ತಿದ್ದರು. ಕನ್ನಡ, ತೆಲುಗು ಎರಡೂ ಬೆರೆತ ಚೌಕಾಸಿ. ಒಬ್ಬಾಕೆ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡರೆ, ನಾಲ್ವರು ಅಭಿಪ್ರಾಯ ಹೇಳುವರು. "ಅಂಚು ದೊಡ್ಡದಾತು, ಕುಳ್ಳಗ ಕಾಣ್ತಿ" ಎಂದು ಮುಖಕ್ಕೆ ಹೇಳುವ ಗೆಳತಿಯರು ಅವರು. ಸೀರೆಯನ್ನು ಮನೆಯಲ್ಲಿಟ್ಟುಕೊಂಡು ಹಗಲು ಬೆಳಕಿನಲ್ಲಿ ನೋಡಿ, ಬೇಡವೆನಿಸಿದರೆ ಮುಂದಿನ ತಿಂಗಳು ಹಿಂದಿರುಗಿಸಬಹುದಾಗಿತ್ತು. ಹಣ ಕಂತಿನಲ್ಲಿ. ಹಾಲು ಮಾರಿದ, ಕುಳ್ಳು ಮಾರಿದ ತಮ್ಮದೇ ದುಡ್ಡು, ಆದುದರಿಂದ ಮಗನ ಅಪ್ಪಣೆ ಬೇಕಿರಲಿಲ್ಲ. ನನ್ನ ಅಜ್ಜಿ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಆತನಿಂದ ಕೊಂಡ ಗಿಳಿಹಸಿರು ಬಣ್ಣದ, ಕೆಂಪಂಚಿನ ಹದಿನೆಂಟು ಮೊಳದ ಸೀರೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಜಾತ್ರೆಗಳಲ್ಲಿಯೂ ಹೀಗೆಯೇ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋದವರು ಕೈತುಂಬ ಬಳೆ ಇಡಿಸಿಕೊಂಡು, ಒಂದು ಕುಬುಸದ ಖಣವನ್ನಾದರೂ ಸ್ವತಃ ಆರಿಸಿ ತರುತ್ತಿದ್ದರು.

ಪೇಟೆಯಲ್ಲಿ ಗಾದಿಯ ಅಂಗಡಿಗಳಿದ್ದವು. ಬೆಂಗಳೂರು ರಸ್ತೆಯಲ್ಲಿ, ಕಾಳಮ್ಮ ಬೀದಿಯಲ್ಲಿ ಇಂದಿಗೂ ಅಂಥ ಹಳೆಯ ವ್ಯಾಪಾರದ ರೀತಿ ಅಲ್ಲಲ್ಲಿ ಉಳಿದಿದೆ. ಬಿಳಿಯ ಹಾಸಿನ ಮೇಲೆ ಕುಳಿತ ವ್ಯಾಪಾರಿ, ಬಂದವರ ಮುಖ ನೋಡಿ, ಮನೆತನ ಕೇಳಿ, ನೀರು ಕೊಟ್ಟು, ಇಪ್ಪತ್ತು ಸೀರೆ ಬಿಚ್ಚಿ ಹರವಿ, ಒಂದನ್ನೂ ಕೊಳ್ಳದೆ ಎದ್ದರೂ ಮುಖ ಗಂಟಿಕ್ಕದವನು. ವಯಸ್ಸಾದ ಹೆಂಗಸರು ಅಂಥ ಅಂಗಡಿಯನ್ನು ಬಿಟ್ಟು ಬೇರೆಡೆಗೆ ಹೋಗುವುದಿಲ್ಲವೇಕೆ ಎಂದು ಮಕ್ಕಳು ಕೇಳುತ್ತಾರೆ. ಬೆಲೆಗಾಗಿ ಅಲ್ಲ, ಬಟ್ಟೆಗಾಗಿಯೂ ಅಲ್ಲ. ಅಲ್ಲಿ ಅವರನ್ನು ಕೂರಿಸುತ್ತಾರೆ, ಅವರೊಡನೆ ಮಾತನಾಡುತ್ತಾರೆ. ಕೊಳ್ಳುವವಳು ತಾನೇ ಎಂಬ ಭಾವನೆ ಅಲ್ಲಿ ಅವರಿಗೆ ಸಿಗುತ್ತದೆ.

ಟ್ರಂಕು ನೋಡಿದ ಮರುವಾರವೇ ಅಕ್ಕನನ್ನು ನಾನು ಒಂದು ದೊಡ್ಡ ಅಂಗಡಿಗೆ ಕರೆದೊಯ್ದೆ. ಅದರ ಹೆಸರು ಬೇಡ. ಇಂದು ಎಲ್ಲ ಊರುಗಳ ದೊಡ್ಡ ಅಂಗಡಿಗಳೂ ಹೆಚ್ಚು ಕಡಿಮೆ ಹಾಗೆಯೇ ಇವೆ. ಸೀರೆಗಳಿದ್ದುದು ಮೇಲಿನ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಮಂಡಿನೋವಿನ ಅಕ್ಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲೆ ಕೂರಲು ಕುರ್ಚಿಯಿರಲಿಲ್ಲ. ಎದುರಿಗೆ ಬಂದ ಹುಡುಗ ಅಕ್ಕನ ಮುಖವನ್ನು ನೋಡದೆಯೇ ನನ್ನನ್ನು ಕೇಳಿದ: "ಅಜ್ಜಿಗಾ ಮೇಡಂ?" ನಾನು ಹೌದೆಂದೆ. ಅವನು ಕೆಳಗಿನ ಖಾನೆಗೆ ಬಗ್ಗಿ ನಾಲ್ಕು ಸೀರೆಗಳನ್ನು ಎಳೆದು ಹಾಕಿದ. ಬೂದಿ, ಬಿಸ್ಕತ್ತು, ತಿಳಿನೀಲಿ, ಬಿಳಿಯ ಮೇಲೆ ಹೂವು. ಅಕ್ಕ ಒಂದು ಮಾತೂ ಆಡದೆ ಮೊದಲನೆಯದನ್ನೇ ತೋರಿಸಿ "ಇದ ಆಗಲಿ" ಎಂದಳು. ಬೇಗ ಕೆಳಗಿಳಿದರೆ ಸಾಕಾಗಿತ್ತು ಅವಳಿಗೆ. ಆ ಹುಡುಗನನ್ನು ದೂರಲಾರೆ. ಅವನಿಗೆ ಹಾಗೆ ಕಲಿಸಿದವರು ಅವನ ಒಡೆಯರು ಮಾತ್ರವಲ್ಲ. ಇಷ್ಟು ವರ್ಷ ಅವನೆದುರಿಗೆ ನಿಂತು ಕೆಳಗಿನ ಖಾನೆಯ ಸೀರೆಗಳನ್ನೇ ಕಟ್ಟಿಸಿಕೊಂಡು ಹೋದ ನಮ್ಮಂಥವರೂ ಕಲಿಸಿದ್ದೇವೆ.

ನಮ್ಮ ಊರಿನ ಇನ್ನೊಂದು ವಿಪರ್ಯಾಸ ನೋಡಿ. ಬಳ್ಳಾರಿ ಇಂದು ಜೀನ್ಸ್ ಹೊಲಿಯುವ ಊರೆಂದು ದೇಶಕ್ಕೆಲ್ಲ ಪರಿಚಿತ. ಕೌಲ್ ಬಜಾರಿನಲ್ಲಿ, ಊರಿನ ಓಣಿ ಓಣಿಗಳಲ್ಲಿ ಯಂತ್ರಗಳ ಸದ್ದು ಕೇಳುತ್ತದೆ. ಒಂದೇ ಪ್ಯಾಂಟಿಗೆ ಕತ್ತರಿಸುವವರು, ಹೊಲಿಯುವವರು, ಗುಂಡಿ ಹಾಕುವವರು, ಒಗೆದು ಬಣ್ಣ ತೇಲಿಸುವವರು, ದಾರ ಕತ್ತರಿಸುವವರು ಎಂದು ಹತ್ತಾರು ಕೈಗಳು. ದಾರ ಕತ್ತರಿಸುವ ಕೈಗಳಲ್ಲಿ ಬಹುಪಾಲು ಹೆಂಗಸರವು. ನನ್ನಲ್ಲಿ ಓದಿದ ಹುಡುಗಿಯರೂ ಅಲ್ಲಿದ್ದಾರೆ. ದೂರದೂರದ ತರುಣರ ಸೊಂಟದ ಅಳತೆ ಅವರಿಗೆ ಅಂಗುಲ ಅಂಗುಲವಾಗಿ ಗೊತ್ತು. ಅದೇ ಊರಿನಲ್ಲಿ ಅರುವತ್ತೈದು ದಾಟಿದ ಹೆಂಗಸಿನ ತೋಳಿನ ಅಳತೆಗೆ ಸರಿಯಾದ ಒಂದು ಸಿದ್ಧ ಕುಬುಸ ಹುಡುಕಿದರೆ ಸಿಗುವುದು ಕಷ್ಟ.

ಕುಬುಸದ ವಿಷಯವನ್ನು ಹಗುರವಾಗಿ ಎಣಿಸಬೇಡಿ. ಸೀರೆ ಯಾರಿಗಾದರೂ ಸರಿಹೋದೀತು, ಅದಕ್ಕೆ ಅಳತೆಯಿಲ್ಲ. ವಯಸ್ಸಾದ ಹೆಂಗಸು ಚೆಂದ ಕಾಣುವುದೂ, ಸುಖವಾಗಿರುವುದೂ ಕುಬುಸದ ಮೇಲೆ ನಿಂತಿದೆ. ನಮ್ಮ ಅವ್ವ ತೊಡುತ್ತಿದ್ದುದು ಗುಳೇದಗುಡ್ಡದ ಖಣದ ಕುಬುಸ. ಮುಂದೆ ಗಂಟು ಕಟ್ಟುವುದು. ಮೈ ತುಂಬಿದರೂ, ಸೊರಗಿದರೂ ಗಂಟು ತಾನೇ ಹೊಂದಿಕೊಳ್ಳುತ್ತಿತ್ತು. ಈಗಿನದಕ್ಕೆ ಆ ಗುಣವಿಲ್ಲ. ಭುಜ ಹಿಡಿದುಕೊಂಡವರಿಗೆ ಕೈ ಹಿಂದಕ್ಕೆ ಹೋಗುವುದಿಲ್ಲ, ಆದುದರಿಂದ ಹುಕ್ಕುಗಳು ಮುಂದೆಯೇ ಇರಬೇಕು, ದೊಡ್ಡವಾಗಿಯೂ ಇರಬೇಕು. ತೋಳು ಮೊಣಕೈವರೆಗೆ ಇಳಿದರೆ ಸಡಿಲವಾದ ಚರ್ಮ ಮುಚ್ಚಿ, ತೋಳಿಗೊಂದು ಗಾಂಭೀರ್ಯ ಬರುತ್ತದೆ. ಕಂಕುಳ ಕೆಳಗೆ ಒಂದು ಸಣ್ಣ ತುಂಡನ್ನು ಸೇರಿಸಿ ಹೊಲಿದರೆ ಕೈ ಎತ್ತಿದಾಗ ಕುಬುಸ ಮೇಲೇರುವುದಿಲ್ಲ. ಒಳಗೆ ಒಂದಂಗುಲ ಬಟ್ಟೆ ಬಿಟ್ಟರೆ ಮುಂದೆ ಬೇಕಾದಾಗ ಬಿಚ್ಚಿಕೊಳ್ಳಬಹುದು. ಇದನ್ನೆಲ್ಲ ಹೇಳಿಸಿಕೊಳ್ಳದೆಯೇ ಮಾಡುವ ಒಬ್ಬ ಹೆಣ್ಣುಮಗಳು ನಮ್ಮ ಓಣಿಯಲ್ಲಿದ್ದಾಳೆ. ಮನೆಯ ಮುಂದಿನ ಕೋಣೆಯಲ್ಲಿ ಒಂದೇ ಯಂತ್ರ. ವಯಸ್ಸಾದವರು ಬಳ್ಳಾರಿಯಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಅಳತೆ ತೆಗೆಯುವಾಗ ಅವಳು ಬಾಗಿಲು ಮುಂದೆ ಮಾಡುತ್ತಾಳೆ, ಅಂಕಿಯನ್ನು ಗಟ್ಟಿಯಾಗಿ ಹೇಳುವುದಿಲ್ಲ. ಆ ಎರಡು ಸೂಕ್ಷ್ಮಗಳಿಗಾಗಿಯೇ ಅವಳಲ್ಲಿಗೆ ಬರುತ್ತಾರೆ ಎಂದು ನನ್ನ ಊಹೆ.

ಇನ್ನು ಬಟ್ಟೆಯ ಮಾತು. ನಮ್ಮ ಬೇಸಗೆ ನಲವತ್ತು ಡಿಗ್ರಿ ದಾಟುವಂಥದು. ಜಾರುವ ಕೃತಕ ನೂಲಿನ ಸೀರೆಗಳು ಬೆವರನ್ನು ಹೀರುವುದಿಲ್ಲ. ಹೆಗಲಿನ ಮೇಲೆ ನಿಲ್ಲುವುದೂ ಇಲ್ಲ, ಪಿನ್ನು ಚುಚ್ಚಿ ಚುಚ್ಚಿ ಕೈ ಸೋಲುತ್ತದೆ. ಗಂಜಿ ಹಾಕಿದ ಹತ್ತಿಯ ಸೀರೆ ಉಬ್ಬಿಕೊಂಡು, ಮೈ ಇದ್ದವರನ್ನು ಇನ್ನಷ್ಟು ದಪ್ಪಗೆ ತೋರಿಸುತ್ತದೆ. ನಾಲ್ಕು ನೀರು ಕಂಡ ಮೆತ್ತನೆಯ ಹತ್ತಿ ಮೈಗೆ ಇಳಿದು ನಿಲ್ಲುತ್ತದೆ. ಭಾರೀ ಜರಿಯ ರೇಷ್ಮೆ ಮುಹೂರ್ತದ ಒಂದು ಗಳಿಗೆಗೆ ಸರಿ, ಇಡೀ ದಿನಕ್ಕಲ್ಲ. ಇಳಕಲ್ಲಿನ ಸೀರೆ ನಮ್ಮ ಕಡೆಯ ಹಿರಿಯ ಹೆಂಗಸರಿಗೆ ಇಷ್ಟವಾಗುವುದಕ್ಕೆ ಕಾರಣವಿದೆ. ಮೈ ಹತ್ತಿಯದಿರುತ್ತದೆ, ಸೆರಗು ರೇಷ್ಮೆಯದು. ಮೈಯ ಎಳೆಗಳನ್ನು ಸೆರಗಿನ ಎಳೆಗಳೊಡನೆ ಕೊಂಡಿ ಕೊಂಡಿಯಾಗಿ ಸೇರಿಸಿ ನೇಯುತ್ತಾರೆ. ಹೀಗಾಗಿ ಮೈಗೆ ತಂಪು, ಹೆಗಲಿಗೆ ಹೊಳಪು. ಕಚ್ಚೆ ಹಾಕುವವರಿಗೆ ಬೇಕಾದ ಒಂಬತ್ತು ಗಜದ ಉದ್ದವೂ ಅದರಲ್ಲಿ ದೊರೆಯುತ್ತದೆ. ಬಣ್ಣಗಳಂತೂ ದಾಳಿಂಬೆ, ನವಿಲುಹಸಿರು, ಚಂದ್ರಕಾಳಿ. ನಮ್ಮ ಬಿಸಿಲಿಗೆ ಕಂದಿದ ಮೈಬಣ್ಣಕ್ಕೆ, ಬಿಳಿಗೂದಲಿಗೆ ಗಾಢವಾದ ಬಣ್ಣವೇ ಕಳೆ ಕೊಡುತ್ತದೆ. ಬಿಸ್ಕತ್ತಿನ ಬಣ್ಣ ಮುಖವನ್ನು ಇನ್ನಷ್ಟು ಬಾಡಿಸುತ್ತದೆ. ಇದು ನನ್ನ ಕಣ್ಣಿನ ಅನುಭವ. ಹಾಗೆಯೇ, ಮನೆಯಲ್ಲಿ ನೈಟಿಯನ್ನೋ ಚೂಡಿದಾರವನ್ನೋ ತೊಡುವ ಅಜ್ಜಿಯರನ್ನು ಕಂಡು ನಗುವವರಿದ್ದಾರೆ. ಮಂಡಿ ಬಗ್ಗದವಳು, ನೆರಿಗೆ ಹಿಡಿಯಲು ಬೆರಳು ಸಾಗದವಳು ತನ್ನ ಸುಖ ನೋಡಿಕೊಂಡರೆ ಅದರಲ್ಲಿ ನಗುವಂಥದೇನಿದೆ?

"ಟೀಚರ್, ನೀವೇ ಅಲ್ಲವೇ ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ವಿಸ್ತರಿಸಲು ಕೊಡುತ್ತಿದ್ದುದು?" ಎಂದು ನೀವು ಕೇಳಬಹುದು. ಹೌದು, ಕೊಡುತ್ತಿದ್ದೆ. ಸಮಾಜಕ್ಕೆ ಮೆಚ್ಚುಗೆಯಾಗುವಂತೆ ಉಡಬೇಕು ಎಂದು ಬರೆದವರಿಗೆ ಐದಕ್ಕೆ ನಾಲ್ಕು ಅಂಕವನ್ನೂ ಕೊಡುತ್ತಿದ್ದೆ. ಗಾದೆ ಪೂರ್ತಿ ಸುಳ್ಳೆಂದು ಇಂದೂ ಹೇಳುವುದಿಲ್ಲ. ಸ್ಥಳಕ್ಕೆ, ಸಂದರ್ಭಕ್ಕೆ ತಕ್ಕ ಉಡುಪು ಬೇಕು. ಆದರೆ ಆ 'ಪರರು' ಯಾರು ಎಂದು ನಾನು ನಿಮ್ಮನ್ನು ಕೇಳಲೇ ಇಲ್ಲ. ಗಂಡ ತೀರಿಕೊಂಡವಳು ಕೆಂಪು ಉಡಬಾರದು, ಅರುವತ್ತಾದವಳು ಹೂವಿನ ಅಂಚು ಉಡಬಾರದು ಎಂದು ನೋಡುವ ಕಣ್ಣುಗಳು ಬೇರೆ ಯಾರವೂ ಅಲ್ಲ, ಮನೆಯವರವೇ. ನಾವೇ ನೋಡುತ್ತೇವೆ, ನಾವೇ ಪಿಸುಗುಟ್ಟುತ್ತೇವೆ, ನಾವೇ ಬೂದಿ ಬಣ್ಣವನ್ನು ಕೊಂಡು ತಂದು ಅದಕ್ಕೆ ಗೌರವವೆಂದು ಹೆಸರಿಡುತ್ತೇವೆ. ಊಟದಲ್ಲಾದರೂ ಅಕ್ಕನಿಗೆ ಸ್ವಂತ ಇಚ್ಛೆಯಿದೆ. ನೋಟದಲ್ಲಿ ಮೂವತ್ತು ವರ್ಷಗಳಿಂದ ನಮ್ಮ ಇಚ್ಛೆಯೇ ನಡೆದಿದೆ. ಇಂದು ಆ ಉತ್ತರಪತ್ರಿಕೆಗಳು ಸಿಕ್ಕರೆ ನಾನು ಬೇರೆ ರೀತಿಯಲ್ಲಿ ತಿದ್ದುತ್ತೇನೆ.

ಆ ದೊಡ್ಡ ಅಂಗಡಿಯ ಸೀರೆ ಟ್ರಂಕು ಸೇರಿತು. ಎರಡು ತಿಂಗಳ ಬಳಿಕ, ಪರಿಚಿತರೊಬ್ಬರ ಕಾರಿನಲ್ಲಿ ಅಕ್ಕನನ್ನು ರಾಂಪುರದ ಮೇಲೆ ಮೊಳಕಾಲ್ಮೂರಿಗೆ ಕರೆದೊಯ್ದೆ. ಅಶೋಕನ ಶಾಸನಗಳಿರುವ ತಾಲ್ಲೂಕೆಂದು ನಿಮಗೆ ಪಾಠ ಮಾಡಿದ್ದೆನಲ್ಲ, ಅದೇ ಮೊಳಕಾಲ್ಮೂರು. ಅಲ್ಲಿನ ರೇಷ್ಮೆ ಸೀರೆಗಳಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ನಾವು ಹೋದದ್ದು ಅಂಗಡಿಗಲ್ಲ, ಒಬ್ಬ ನೇಕಾರರ ಮನೆಗೆ. ಮನೆಯೊಳಗೆ ಗುಂಡಿಮಗ್ಗ, ಹೊರಗೆ ಪಡಸಾಲೆ. ನೇಕಾರರ ತಾಯಿ, ಅಕ್ಕನಿಗಿಂತ ನಾಲ್ಕೈದು ವರ್ಷ ಕಿರಿಯರಿರಬಹುದು, ಮೊದಲು ಕುರ್ಚಿ ತಂದು ಹಾಕಿದರು, ನೀರು ಕೊಟ್ಟರು. ಆಮೇಲೆ ನನ್ನ ಕಡೆಗೆ ನೋಡದೆ ಅಕ್ಕನನ್ನೇ ಕೇಳಿದರು: "ಅಮ್ಮಾ, ನಿಮಗೆ ಯಾವ ಬಣ್ಣ ಇಷ್ಟ?"

ಅಕ್ಕನಿಗೆ ಉತ್ತರ ತೋಚಲಿಲ್ಲ. ನನ್ನ ಮುಖ ನೋಡಿದಳು. ನಾನು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡೆ. ನಲವತ್ತು ಮಕ್ಕಳ ತರಗತಿಯಲ್ಲಿ ಉತ್ತರಕ್ಕಾಗಿ ಕಾಯುವುದನ್ನು ಕಲಿತವಳು ನಾನು, ಆದರೂ ಅಂದಿನ ಆ ಎರಡು ನಿಮಿಷ ಬಹಳ ದೀರ್ಘವಾಗಿದ್ದವು. ಕೊನೆಗೆ ಅಕ್ಕ ಮೆಲ್ಲಗೆ "ದಾಳಿಂಬರಿ" ಎಂದಳು. ಆಕೆ ಒಂದು ದಾಳಿಂಬೆ ಬಣ್ಣದ ಸೀರೆ ತಂದರು. ಹಗುರವಾದ ರೇಷ್ಮೆ, ಸಣ್ಣ ಅಂಚು, ಅಂಚಿಗೆ ಸಾಸಿವೆ ಬಣ್ಣ. ವಿದ್ಯುದ್ದೀಪದ ಕೆಳಗಲ್ಲ, ಬಾಗಿಲ ಬಳಿ ಬಿಸಿಲಿನ ಬೆಳಕಿಗೆ ಕರೆದು ಅಕ್ಕನ ಹೆಗಲಿಗೆ ಹಾಕಿದರು. ಗೋಡೆಯ ಮೇಲಿನ ಸಣ್ಣ ಕನ್ನಡಿಯನ್ನು ಬಿಚ್ಚಿ ತಂದು ಎದುರಿಗೆ ಹಿಡಿದರು. ಅಕ್ಕ ಬಹಳ ಹೊತ್ತು ನೋಡಿಕೊಂಡಳು. "ನನಗ್ಯಾಕ ಈ ಬಣ್ಣ? ನೋಡಿದ ಮಂದಿ ಏನಂದಾರು?" ಎಂದಳು. ಆದರೆ ಸೆರಗನ್ನು ಕೆಳಗಿಳಿಸಲಿಲ್ಲ. ಹಣವನ್ನು ಅವಳೇ ಕೊಟ್ಟಳು. ತನ್ನ ಪಿಂಚಣಿಯ ಹಣ. ನಾನು ಕೊಡಲು ಹೋದಾಗ ಕೈ ಸರಿಸಿದಳು.

ಆ ಸೀರೆ ಈಗ ಟ್ರಂಕಿನ ಮೇಲ್ಭಾಗದಲ್ಲಿದೆ. ಕುಬುಸ ಹೊಲಿದು ಬಂದಿದೆ, ಫಾಲ್ಸ್ ಹಚ್ಚಿಯಾಗಿದೆ. ಆದರೆ ಇನ್ನೂ ಉಟ್ಟಿಲ್ಲ. ಎರಡು ಸಲ ತೆಗೆದು, ಎರಡು ಸಲವೂ ಮಡಿಸಿ ಒಳಗಿಟ್ಟಳು. ಅವಳ ಕಣ್ಣಿನಲ್ಲಿರುವ 'ಮಂದಿ' ಯಾರೆಂದು ನನಗೆ ಗೊತ್ತು. ಇದನ್ನು ಓದುತ್ತಿರುವ ನೀವೇ.

ಆದುದರಿಂದ ಮಗಳೇ, ನಿನ್ನ ಪ್ರಶ್ನೆಗೆ ಉತ್ತರ ಇದು. ವಯಸ್ಸಾದವರಿಗೆ ಒಪ್ಪುವ ಸೀರೆ, ಅವರನ್ನು ಕೂರಿಸಿ ಕೇಳುವ ಜಾಗದಲ್ಲಿ ಸಿಗುತ್ತದೆ. ಅದು ಗಾದಿಯ ಅಂಗಡಿಯಾಗಿರಬಹುದು, ನೇಕಾರರ ಪಡಸಾಲೆಯಾಗಿರಬಹುದು, ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಯಾಗಿರಬಹುದು, ಗಂಟು ಹೊತ್ತು ಬಾಗಿಲಿಗೆ ಬರುವವನ ಕಟ್ಟೆಯೂ ಆಗಿರಬಹುದು. ಫೋನಿನಲ್ಲಿ ತರಿಸುವುದೇ ಅನಿವಾರ್ಯವಾದರೆ, ಫೋನನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು, ಅವರೇ ಬೆರಳಾಡಿಸುವಷ್ಟು ಹೊತ್ತು ಕಾಯಬೇಕು. ಅಂಗಡಿಯವರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು: ಕೆಳಗಿನ ಅಂತಸ್ತಿನಲ್ಲಿ ನಾಲ್ಕು ಕುರ್ಚಿ, ಬಾಗಿಲ ಬಳಿ ಒಂದು ಕನ್ನಡಿ, ವಯಸ್ಸಾದವರೊಡನೆ ಮಾತನಾಡಬಲ್ಲ ಒಬ್ಬ ಹೆಣ್ಣುಮಗಳು, ಇಷ್ಟಿದ್ದರೆ ಸಾಕು. ದೊಡ್ಡ ಖರ್ಚೇನೂ ಇಲ್ಲ.

ದೊಡ್ಡತ್ತೆಗೆ ಈ ಸಲ ನೀನು ಸೀರೆ ಕೊಡುವುದು ಬೇಡ. ಅವಳ ಹತ್ತಿರ ಇದೆ. ವೈಶಾಖದಲ್ಲಿ ಅವಳು ದಾಳಿಂಬೆ ಬಣ್ಣದ ಸೀರೆಯುಟ್ಟು ಮಂಟಪದೊಳಗೆ ಬಂದಾಗ, ನೀನು ಬಾಗಿಲಲ್ಲಿಯೇ ನಿಂತು ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳಬೇಕು. ಉಳಿದ ಬಂಧುಗಳಲ್ಲಿಯೂ ಇದೇ ಬೇಡಿಕೆ. ಯಾರೂ ಹುಬ್ಬೇರಿಸಬೇಡಿ, ಯಾರೂ ಪಕ್ಕದವರ ಕಿವಿಯಲ್ಲಿ ಮಾತನಾಡಬೇಡಿ. ಬರಿದೇ "ದೊಡ್ಡತ್ತೆ, ನಿಮಗೆ ಒಪ್ಪುತ್ತದೆ" ಎನ್ನಿ.